ಹಿತ್ತಲ ಬಾಗಿಲಿನಿಂದ ಕಚೇರಿಗೆ

ಅವರ ಬಲ ಅಂಗೈಯ ನಟ್ಟನಡುವೆ ದುಂಡಗಿನ ಒಂದು ಜಡ್ಡು ಇತ್ತು. ಕಾಗದಗಳ ಮೇಲೆ ಮೂವತ್ತು ವರ್ಷ ಶಿಕ್ಕಾ ಹೊಡೆದು, ಆ ಶಿಕ್ಕಾದ ಮರದ ಹಿಡಿಕೆ ಊರುತ್ತಿದ್ದ ಜಾಗದಲ್ಲಿ ಚರ್ಮ ದಪ್ಪಗಾಗಿ ಹುಣಸೆಬೀಜದಂತೆ ಹೊಳೆಯುತ್ತಿತ್ತು. ಶನಿವಾರ ಮಾರುತಿಯ ಗುಡಿಗೆ ಬಂದು ತೀರ್ಥಕ್ಕೆ ಕೈಯೊಡ್ಡಿದರೆ, ನಾನು ಬಿಟ್ಟ ನೀರು ಅಂಗೈಯ ನಡುವೆ ನಿಲ್ಲದೆ ಆ ಜಡ್ಡನ್ನು ಸುತ್ತುವರಿದು ನಿಲ್ಲುತ್ತಿತ್ತು. ಅದನ್ನು ನೋಡಿ ಅವರೇ ನಗುತ್ತಿದ್ದರು: "ನಡುವ ಸರಕಾರ ಕುಂತೈತ್ರಿ ಭಟ್ರ. ದೇವರು ಸುತ್ತ ಹಾದು ಬರಬೇಕು."

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಿಂದ ಒಳಗೆ ಹೊರಳಿದರೆ ಸಿಗುವ ನಮ್ಮ ಸಣ್ಣ ಊರಿನ ಟಪಾಲು ಮಾಸ್ತರರು ಅವರು. ನಾನು ಅವರ ಮನೆಯ ಎದುರಿನ ಗುಡಿಯ ಅರ್ಚಕ. ಅವರ ತಂದೆ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆ ನಿಂತವರು. ನಮ್ಮಂಥ ಊರಿಗೆ ಸರಕಾರ ಬೇರೆ ಕಟ್ಟಡವನ್ನು ಕಟ್ಟಿಸಿ ಕೊಡುವುದಿಲ್ಲ. ಮಾಸ್ತರರ ಮನೆಯ ಮುಂದಿನ ಕೋಣೆಯೇ ಕಚೇರಿ. ಒಂದು ಮೇಜು, ಒಂದು ಕುರ್ಚಿ, ರಸ್ತೆಯ ಕಡೆಗೆ ತೆರೆದ ಒಂದು ಕಿಟಕಿ. ಆ ಕೋಣೆಗೂ ಒಳಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು.

ಇತ್ತೀಚೆಗೆ ದಾಂಡೇಲಿಯಲ್ಲಿ ಕಂಪ್ಯೂಟರ್ ಕಲಿಸುವ ತರುಣರೊಬ್ಬರು ಅರ್ಚನೆ ಮಾಡಿಸಲು ಬಂದಿದ್ದರು. ಮಾತಿನ ನಡುವೆ, "ಅಜ್ಜಾರ, ಇನ್ನ ಹತ್ತು ವರ್ಷದಾಗ ಆಫೀಸು ಅನ್ನೂದ ಇರೂದಿಲ್ಲ ನೋಡ್ರಿ. ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಕುಂತು ಕೆಲಸ ಮಾಡ್ತಾರ. ಹೋಗೂದಿಲ್ಲ, ಬರೂದಿಲ್ಲ. ಆರಾಮ!" ಎಂದರು. ಅದು ಹಾಗೆ ಆಗುವುದೋ ಇಲ್ಲವೋ, ಆದರೂ ಉಳಿಯುವುದೋ ಇಲ್ಲವೋ ನಾನು ಅರಿಯೆ. ಮನೆಯಲ್ಲಿಯೇ ಕುಳಿತು ಕೆಲಸ ಮಾಡಿದ ಒಬ್ಬರನ್ನು ಮಾತ್ರ ನಾನು ಹತ್ತಿರದಿಂದ ಬಲ್ಲೆ. ಆ ತರುಣರಿಗೆ ಪ್ರಸಾದ ಕೊಟ್ಟು ಕಳುಹಿಸಿದ ಮೇಲೆ, ಮಾಸ್ತರರ ವಿಷಯವನ್ನು ಬರೆದಿಡಬೇಕೆಂಬ ಸಂಕಲ್ಪ ಹುಟ್ಟಿತು.

ಮನೆಯಲ್ಲಿ ಕಚೇರಿ ಇದ್ದರೂ ಮಾಸ್ತರರು ಕಚೇರಿಗೆ *ಹೋಗುತ್ತಿದ್ದರು*. ಬೆಳಿಗ್ಗೆ ಒಂಬತ್ತೂವರೆಗೆ ಊಟ ಮುಗಿಸಿ, ಕರಿಯ ಟೊಪ್ಪಿಗೆಯನ್ನು ತಲೆಗಿಟ್ಟು, ಅಡಿಗೆಮನೆಯ ಹಿಂದಿನ ಹಿತ್ತಲ ಬಾಗಿಲಿನಿಂದ ಹೊರಬೀಳುವರು. ಬಾವಿ, ಬಚ್ಚಲು, ತುಳಸೀಕಟ್ಟೆಗಳನ್ನು ದಾಟಿ, ಮನೆಗೆ ಅರ್ಧ ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಕೀಲಿ ತೆಗೆದು ಕಚೇರಿಯನ್ನು ಪ್ರವೇಶಿಸುವರು. ಮಧ್ಯಾಹ್ನ ಎರಡಕ್ಕೆ ಅದೇ ದಾರಿಯಲ್ಲಿ ಮರಳುವರು. ಒಳಬಾಗಿಲಿಗೆ ಕಚೇರಿಯ ಕಡೆಯಿಂದ ಅಗಳಿ. ಅದನ್ನು ಅವರು ತೆಗೆದದ್ದನ್ನು ಯಾರೂ ಕಂಡಿರಲಿಲ್ಲ.

ಅವರ ಮಡದಿಯನ್ನು ನಾನು ಅತ್ತಿಗೆಯ ಸ್ಥಾನದಲ್ಲಿಟ್ಟು ವೈನಿ ಎನ್ನುತ್ತಿದ್ದೆ. ಪತಿಯ ಈ ಪ್ರದಕ್ಷಿಣೆ ಆಕೆಗೆ ನಿತ್ಯದ ವಿನೋದ.

"ಕಚೇರಿಗೆ ಹೋಗಿ ಬರ್ತೇನಿ," ಎಂದು ಮಾಸ್ತರರು ಹಿತ್ತಲಿನಲ್ಲಿ ಹೇಳುವುದು ಗುಡಿಯವರೆಗೂ ಕೇಳಿಸುತ್ತಿತ್ತು.

"ದೂರ ಹೊಂಟೀರಿ, ಬುತ್ತಿ ಕಟ್ಟಿ ಕೊಡ್ಲೇನ್ರಿ?" ಎಂದು ವೈನಿ ಒಳಗಿನಿಂದ.

ತವರಿಗೆ ಕಾಗದ ಬರೆಯಬೇಕಾದರೆ ವೈನಿಯೂ ಮನೆಯನ್ನು ಸುತ್ತಿ ಬಂದು ಕಿಟಕಿಯ ಮುಂದೆ ಸರದಿಯಲ್ಲಿ ನಿಲ್ಲಬೇಕು. ಒಮ್ಮೆ ನಾನು ಪಂಚಾಂಗದ ಪೊಟ್ಟಣಕ್ಕಾಗಿ ಕಾದು ನಿಂತಿದ್ದಾಗ ಆಕೆ ನನ್ನ ಹಿಂದೆ ಇದ್ದರು.

"ಏನ್ ಬೇಕ್ರಿ ನಿಮಗ?" ಎಂದರು ಮಾಸ್ತರರು, ಮುಖವನ್ನೆತ್ತದೆ.

"ಒಂದು ಇನ್‌ಲೆಂಡ್ ಲೆಟರ್ ಕೊಡ್ರಿ ಮಾಸ್ತರ. ಮತ್ತ ನಿಮ್ಮ ಮನಿ ಯಜಮಾನ್ರಿಗೆ ಒಂದು ಮಾತು ಹೇಳ್ರಿ. ಸಾರಿಗೆ ಉಪ್ಪು ಹಾಕೂದು ಮರತೇನಿ, ಉಂಡು ಹೋದವರು ಒಂದು ಮಾತೂ ಆಡ್ಲಿಲ್ಲ."

ಸರದಿಯಲ್ಲಿದ್ದವರೆಲ್ಲ ನಕ್ಕರು. ಮಾಸ್ತರರು ಮಾತ್ರ ಕಾಗದವನ್ನು ಎರಡೂ ಕೈಗಳಿಂದ ಮುಂದೆ ಚಾಚಿ, "ಹೇಳ್ತೇನ್ರಿ. ಮುಂದಿನವರು ಬರ್ರಿ," ಎಂದರು.

ಇದು ಬರಿಯ ಹಟವಾಗಿರಲಿಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಸಾವಿನ ಸುದ್ದಿಯನ್ನು ಹೊತ್ತ ಕಾರ್ಡನ್ನು ಯಾರೂ ಮನೆಯೊಳಗೆ ಒಯ್ಯುವುದಿಲ್ಲ. ಹೊರಗೇ ಓದಿ ಹರಿದುಬಿಡುತ್ತಾರೆ. ಆದರೆ ಊರಿನ ಸಾವುಗಳೆಲ್ಲ ಮೊದಲು ಬಂದು ಇಳಿಯುತ್ತಿದ್ದುದು ಮಾಸ್ತರರ ಮನೆಯಲ್ಲಿ! ಹೀಗಾಗಿ ಆ ಕೋಣೆ ಮನೆಯಲ್ಲವೆಂದು ಅವರು ತಮಗೆ ತಾವೇ ನಿತ್ಯವೂ ನಡೆದು ತೋರಿಸಿಕೊಳ್ಳಬೇಕಾಗಿತ್ತು. ಅಂಥ ಕಾರ್ಡು ಬಂದ ದಿನ, ಅಕ್ಷರ ಬಾರದವರನ್ನು ಕಟ್ಟೆಯ ಮೇಲೆ ಕೂರಿಸಿ, "ಮೊದಲ ನೀರು ಕುಡಿ," ಎಂದು ತಂಬಿಗೆ ಕೊಟ್ಟು, ಅನಂತರವೇ ಓದುತ್ತಿದ್ದರು. ಓದುವಾಗ ಅವರ ಧ್ವನಿ ದೇವರ ಮುಂದೆ ತಪ್ಪೊಪ್ಪಿಕೊಳ್ಳುವವರ ಧ್ವನಿಯಂತೆ ಇಳಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಚೈತ್ರದಲ್ಲಿ ವೈನಿ ಬಾವಿಯ ಬಳಿ ಕುಸಿದು ಬಿದ್ದರು. ಲಕ್ವಾ ಹೊಡೆದಿತ್ತು. ಧಾರವಾಡದ ಆಸ್ಪತ್ರೆಯಿಂದ ತಿಂಗಳ ಮೇಲೆ ಮರಳಿದಾಗ ಆಕೆಯ ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಹೋಗಿತ್ತು ಎಂದರೆ ಪೂರ್ಣ ಸರಿಯಲ್ಲ. ಧ್ವನಿ ಇತ್ತು, ಏರಿಳಿತವಿತ್ತು, ಕೋಪವೂ ನಗೆಯೂ ಇದ್ದವು. ವ್ಯಂಜನಗಳು ಮಾತ್ರ ತೊಳೆದುಹೋದಂತೆ, ಸ್ವರಗಳಷ್ಟೇ ಒಂದಕ್ಕೊಂದು ಅಂಟಿಕೊಂಡು ಹೊರಬರುತ್ತಿದ್ದವು. ನಮಗಾರಿಗೂ ಒಂದು ಪದವೂ ತಿಳಿಯದು. ಮಾಸ್ತರರಿಗೆ ಎರಡೇ ತಿಂಗಳಲ್ಲಿ ಎಲ್ಲವೂ ತಿಳಿಯತೊಡಗಿತು. ನನ್ನ ಆಶ್ಚರ್ಯವನ್ನು ಕಂಡು ಅವರು ಹೇಳಿದರು:

"ಮಳಿಗಾಲದಾಗ ಚೀಲ ತೊಯ್ದು ಕಾಗದದ ಮ್ಯಾಲಿನ ಅಕ್ಷರ ಕಲಸಿ ಹೋಗಿರ್ತಾವಲ್ರಿ ಭಟ್ರ, ಅಂಥಾ ವಿಳಾಸ ಓದಿ ಓದಿ ರೂಢಿ ಐತಿ ನನಗ. ಅಕ್ಷರ ನೋಡಬಾರದು. ಬರದವರು ಯಾರು, ಯಾರಿಗೆ ಬರದಾರ, ಅದನ್ನ ನೆನಸಬೇಕು. ವಿಳಾಸ ತಾನ ಕಾಣತೈತಿ."

ವೈನಿಯ ಹಾಸಿಗೆಯನ್ನು ಕಚೇರಿಯ ಗೋಡೆಗೆ ತಾಗಿಸಿ ಹಾಕಿದರು. ಆಕೆ ಒಳಗಿನಿಂದ ಏನೋ ಅನ್ನುವರು. ಮಾಸ್ತರರು ಶಿಕ್ಕಾ ಹೊಡೆಯುತ್ತಲೇ, "ಸಂಜಿಕ ತರ್ತೇನಿ," ಎಂದೋ "ಅಂವಾ ಅಲ್ಲ, ಅವನ ತಮ್ಮ," ಎಂದೋ ಗೋಡೆಗೆ ಉತ್ತರ ಕೊಡುವರು. ಆ ಮಾತನ್ನು ತಿಳಿಯಬಲ್ಲವರು ಭೂಮಿಯ ಮೇಲೆ ಒಬ್ಬರೇ. ಅವರು ಗೋಡೆಯ ಆಚೆ, ಮೂರು ಮೊಳ ದೂರದಲ್ಲಿ ಇದ್ದರು. ಆಕೆಗೆ ಉಳಿದಿದ್ದ ಭಾಗ್ಯ ಅಷ್ಟೇ; ಅಷ್ಟು ಸಾಕಾಗಿತ್ತು.

ಆದರೆ ನೀರು ಕುಡಿಸಲು, ಮಗ್ಗಲು ಹೊರಳಿಸಲು ಎದ್ದು ಹೋಗಲೇಬೇಕಲ್ಲ? ಮನೆಯನ್ನು ಸುತ್ತಿ ಹೋಗುವಷ್ಟು ಹೊತ್ತು ಆಕೆ ಕಾಯಲಾರರು. ಒಂದು ಸಂಜೆ ಮಾಸ್ತರರು ಗುಡಿಗೆ ಬಂದು ಕಂಬಕ್ಕೆ ಒರಗಿ ಕುಳಿತರು.

"ಭಟ್ರ, ಶಾಸ್ತ್ರದ ಮಾತು ಒಂದು ಕೇಳಬೇಕಾಗೇತಿ. ಒಳಬಾಗಿಲ ಅಗಳಿ ತಗದೇನಿ. ಕಚೇರಿ ಹೊತ್ತಿನ್ಯಾಗ ಹೆಂಡ್ತಿ ಸೇವಾ ಮಾಡೂದು ಕಳವು ಆಗತೈತೇನ್ರಿ?"

ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿದವನು ನಾನು. ಪ್ರಶ್ನೆ ಬಂದರೆ ಉತ್ತರ ಕೊಡಲೇಬೇಕೆಂಬ ಅಹಂಕಾರ ನನ್ನ ವಿದ್ಯೆಯ ಜೊತೆಗೇ ಬೆಳೆದಿತ್ತು. "ಮರೆ ಮಾಡಿದ್ದು ಕಳವು," ಎಂದೆ. "ಒಪ್ಪಿಕೊಂಡು ತೀರಿಸಿದ್ದು ಕಳವಲ್ಲ. ಎಷ್ಟು ಹೊತ್ತು ಎದ್ದು ಹೋದ್ರಿ ಅಂತ ಬರದಿಡ್ರಿ. ಅಷ್ಟ ಹೊತ್ತು ಹೆಚ್ಚಿಗೆ ಕೂಡ್ರಿ. ದೋಷ ಇಲ್ಲ."

ಅವರ ಮುಖ ಅರಳಿತು. ಮರುದಿನವೇ ಕಚೇರಿಯ ಮೇಜಿನ ಮೇಲೆ ಒಂದು ತೆಳುವಾದ ವಹಿ ಬಂದಿತು. *ಹನ್ನೊಂದು ಹತ್ತರಿಂದ ಹನ್ನೊಂದು ಹದಿನೇಳು. ನೀರು ಕುಡಿಸಿದ್ದು.* *ಹನ್ನೆರಡೂಕಾಲರಿಂದ ಹನ್ನೆರಡೂವರೆ. ಮಗ್ಗಲು ಹೊರಳಿಸಿದ್ದು.* ಎರಡು ಗಂಟೆಗೆ ಕಿಟಕಿ ಮುಚ್ಚಬೇಕಾದವರು ಆ ನಿಮಿಷಗಳನ್ನೆಲ್ಲ ಕೂಡಿಸಿ, ಅಷ್ಟು ಹೊತ್ತು ಕೈಗಳನ್ನು ಮಂಡಿಯ ಮೇಲಿಟ್ಟು ಸುಮ್ಮನೆ ಕುಳಿತಿರುತ್ತಿದ್ದರು. ಗೋಡೆಯ ಆಚೆಯಿಂದ ವೈನಿ ಏನೋ ಅಂದರೆ ಒಬ್ಬರೇ ನಗುವರು. ಏನೆಂದು ಕೇಳಿದರೆ, "'ಇವತ್ತ ಓವರ್‌ಟೈಮ್ ಎಷ್ಟಾತು?' ಅಂತಾಳ್ರಿ. ಕಾಗದದ ಗಿರಣಿಯವರ ನಡುವ ಇದ್ದೂ ಇದ್ದೂ ಕಲತಾಳ," ಎನ್ನುವರು.

ಹೀಗೆ ಎರಡು ವರ್ಷ ನಡೆಯಿತು. ಒಂದು ದಿನ ಮೇಲಿನ ಕಚೇರಿಯಿಂದ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಚಿಕ್ಕ ವಯಸ್ಸಿನ, ವಿನಯವಂತರಾದ ಗೃಹಸ್ಥರು. ಅವರಲ್ಲಿ ದೋಷ ಹುಡುಕಲು ನನ್ನ ಮನಸ್ಸು ಇಂದಿಗೂ ಒಪ್ಪುವುದಿಲ್ಲ. ಕಚೇರಿಯಲ್ಲಿ ಬರೆದದ್ದೆಲ್ಲ ಕಚೇರಿಗೆ ಸೇರಿದ್ದೆಂದು ನಂಬಿದ್ದ ಮಾಸ್ತರರು ಉಳಿದ ಪುಸ್ತಕಗಳ ಜೊತೆಗೆ ಆ ವಹಿಯನ್ನೂ ಅವರ ಮುಂದಿಟ್ಟರು. ನಾನು ಕಿಟಕಿಯ ಹೊರಗೆ ನಿಂತಿದ್ದೆ.

"ಇದು ಯಾವ ರಜಿಸ್ಟರ್ ಮಾಸ್ತರ?"

"ಅದು ನಂದ್ರಿ ಸಾಹೇಬ್ರ. ಕಚೇರಿ ಹೊತ್ತಿನ್ಯಾಗ ನಾ ಮನಿ ಕೆಲಸಕ್ಕ ಎದ್ದದ್ದು."

ಅಧಿಕಾರಿಗಳು ಪುಟ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ಬರೀರಿ ಅಂತ ಯಾರು ಹೇಳಿದ್ರು ನಿಮಗ?"

ಮಾಸ್ತರರು ಒಮ್ಮೆ ಕಿಟಕಿಯ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. "ಯಾರೂ ಇಲ್ರಿ. ಮನಸ್ಸಿಗೆ ಬಂತು," ಎಂದರು.

"ಸುಮ್ಮ ಒಳಗ ಹೋಗಿ ಬಂದಿದ್ರ ನಾ ಏನೂ ಕೇಳತಿದ್ದಿಲ್ಲ. ಇಷ್ಟು ಬರದು ಇಟ್ಟೀರಿ. ಬರದದ್ದನ್ನ ಓದಿಲ್ಲ ಅಂತ ಹೆಂಗ ಹೇಳ್ಲಿ ನಾನು?"

ಎರಡು ತಿಂಗಳ ಮೇಲೆ ಆದೇಶ ಬಂದಿತು. ಮನೆಯ ಕೆಲಸವೂ ಕಚೇರಿಯ ಕೆಲಸವೂ ಒಂದರಲ್ಲೊಂದು ಬೆರೆಯುತ್ತಿರುವುದರಿಂದ, ನೆರೆಯ ದೊಡ್ಡ ಊರಿನ ಪಂಚಾಯತಿ ಕಟ್ಟಡದ ಒಂದು ಕೋಣೆಗೆ ಕಚೇರಿಯನ್ನು ಸ್ಥಳಾಂತರಿಸತಕ್ಕದ್ದು. ಮಾಸ್ತರರು ಅಲ್ಲಿಂದಲೇ ಕೆಲಸ ಮಾಡತಕ್ಕದ್ದು. ಆ ಊರು ಎರಡು ಮೈಲಿ. ಬಿದಿರಿನ ಗಳ ಹೇರಿದ ಲಾರಿಗಳು ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ಧೂಳು ತಿನ್ನುತ್ತ ಸೈಕಲ್ ತುಳಿಯಬೇಕು. ಕೆಲಸ ಬಿಟ್ಟರೆ ವೈನಿಯ ಔಷಧಕ್ಕೆ ಬೇರೆ ದಾರಿಯಿಲ್ಲ. ಅಲ್ಲಿಯೇ ಬಾಡಿಗೆಗೆ ಇರೋಣವೆಂದರೆ, ಹಾಸಿಗೆ ಹಿಡಿದವರಿಗೆ ಮನೆ ಕೊಡಲು ಯಾರೂ ಮುಂದೆ ಬರಲಿಲ್ಲ. ಮಕ್ಕಳಿಲ್ಲ.

"ಊಟ, ನೀರು ಯಾರಾದ್ರೂ ನೋಡ್ತಾರ್ರಿ," ಎಂದರು ಮಾಸ್ತರರು. "ಆದ್ರ ಅಷ್ಟೊತ್ತು ಆಕಿ ಮಾತು ಯಾರಿಗೆ ತಿಳೀತೈತಿ?"

ಮನವಿಯನ್ನು ಬರೆದವನು ನಾನೇ. ನನ್ನ ತಪ್ಪನ್ನು ನನ್ನ ವಿದ್ಯೆಯಿಂದಲೇ ತೊಳೆಯುವೆನೆಂಬ ಭ್ರಮೆಯಲ್ಲಿ ಎರಡು ದಿನ ಕುಳಿತು, ಗಂಭೀರವಾದ ಗದ್ಯವನ್ನು ಹೊಸೆದೆ. "ರುಗ್ಣಭಾರ್ಯೆಯ ಅವ್ಯಕ್ತ ವಚನಗಳ ಅರ್ಥಗ್ರಹಣವು ಅರ್ಜಿದಾರನೋರ್ವನಿಗೇ ಸಾಧ್ಯವಿರುವುದರಿಂದ" ಎಂದು ಅದರ ಮುಖ್ಯ ವಾಕ್ಯ. ಮಾಸ್ತರರು ಅದನ್ನು ಬೆರಳಿಟ್ಟು ಎರಡು ಸಲ ಓದಿದರು.

"ಭಟ್ರ, ಬೈಬ್ಯಾಡ್ರಿ. ಇದು ನನಗ ತಿಳೀಲಿಲ್ಲ. ಅವರಿಗೆ ತಿಳೀತೈತೇನ್ರಿ?"

"ಸರಕಾರಕ್ಕ ಹಿಂಗ ಬರೀಬೇಕು," ಎಂದೆ.

"ಆಕೆಯ ಮಾತು ನನಗೊಬ್ಬನಿಗೇ ತಿಳಿಯುತ್ತದೆ" ಎಂದು ಮಾಸ್ತರರೇ ತಮ್ಮ ಕೈಯಿಂದ ಬರೆದಿದ್ದರೆ ಏನಾಗುತ್ತಿತ್ತೋ. ಬಹುಶಃ ಏನೂ ಆಗುತ್ತಿರಲಿಲ್ಲ. ಉತ್ತರ ಒಂದೇ ಸಾಲು: ಪರಿಶೀಲಿಸಲಾಗಿದೆ, ಆದೇಶದಲ್ಲಿ ಬದಲಾವಣೆಯಿಲ್ಲ.

ಚಕ್ಕಡಿಗೆ ಮೇಜನ್ನೂ ಕುರ್ಚಿಯನ್ನೂ ಹೇರಿದ ದಿನ ಒಳಗಿನಿಂದ ವೈನಿಯ ಧ್ವನಿ ಬಂದಿತು. ಮಾಸ್ತರರು ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದರು.

"ಏನಂತಾರ?" ಎಂದು ಕೇಳಿದೆ.

"'ಕಚೇರಿ ಹೊಂಟತಿ. ನೀವೂ ಹೋಗ್ತೀರೇನು?' ಅಂದಳ್ರಿ."

"ನೀವು?"

"ಏನನ್ನಲಿ? ಹೋಗಿ ಬರ್ತೇನಿ ಅಂದೆ."

ಮರುದಿನದಿಂದ ನಾನು ಪೂಜೆಯನ್ನು ಬೇಗನೆ ಮುಗಿಸಿ, ಒಂಬತ್ತಕ್ಕೆ ಅವರ ಮನೆಗೆ ಹೋಗಿ ಕುಳಿತುಕೊಳ್ಳತೊಡಗಿದೆ. ದೇಹದ ಸೇವೆಗೆ ನೆರೆಮನೆಯ ಆಯಿ ಇದ್ದಳು. ನಾನು ಪುರಾಣ ಓದುತ್ತಿದ್ದೆ. ಮೊದಲ ವಾರ ವೈನಿ ನನ್ನೊಡನೆ ಮಾತಾಡಲು ಯತ್ನಿಸಿದರು. ನೀರೇನ್ರಿ? ಅಲ್ಲ. ಸೆಕೆಯೇನ್ರಿ? ಅಲ್ಲ. ಹೊರಳಬೇಕೇನ್ರಿ? ಆಕೆ ಕಣ್ಣು ಮುಚ್ಚಿಕೊಳ್ಳುವರು. "ಭಟ್ರ, ನಿಮಗ ದೇವರ ಮಾತು ತಿಳೀತಾವು, ನಮ್ಮವ್ವನ ಮಾತು ತಿಳೀವಲ್ವು," ಎಂದು ಆಯಿ ಚುಚ್ಚುವಳು. ಎರಡನೆಯ ವಾರದಿಂದ ವೈನಿ ಹಗಲಿನಲ್ಲಿ ಮಾತು ನಿಲ್ಲಿಸಿದರು. ಎರಡೂವರೆಗೆ ಸೈಕಲ್ ಸದ್ದು ಕೇಳಿದೊಡನೆ, ಕೂಡಿಟ್ಟದ್ದೆಲ್ಲ ಒಮ್ಮೆಲೇ ಸುರಿಯುತ್ತಿತ್ತು. ಮಾಸ್ತರರು ಟೊಪ್ಪಿಗೆಯನ್ನೂ ತೆಗೆಯದೆ ಹಾಸಿಗೆಯ ಬಳಿ ಕುಳಿತು, "ಸಾವಕಾಶ, ಸಾವಕಾಶ. ಬಂದೇನಲ್ಲ?" ಎನ್ನುವರು. ನಾನು ಪುಸ್ತಕ ಕಟ್ಟಿಕೊಂಡು ಎದ್ದುಬರುತ್ತಿದ್ದೆ.

ಶ್ರಾವಣದ ಒಂದು ಗುರುವಾರ. ಮಾಸ್ತರರು ಹೋಗಿ ಒಂದು ತಾಸು ಆಗಿತ್ತು. ಆಯಿ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ಬಹುದಿನಗಳಿಂದ ನನ್ನೊಡನೆ ಮೌನವಾಗಿದ್ದ ವೈನಿ ಇದ್ದಕ್ಕಿದ್ದಂತೆ ನನ್ನನ್ನು ನೋಡಿ ಏನೋ ಅಂದರು. ಒಂದು ವಾಕ್ಯವಿರಬೇಕು, ನಡುವೆ ಒಂದು ಕಡೆ ಉಸಿರಿಗೆ ನಿಂತು, ಕೊನೆಯಲ್ಲಿ ಇಳಿಯಿತು. ನಾನು ಎಂದಿನಂತೆ ಊಹೆಗೆ ತೊಡಗಿದೆ. ಆಕೆ ಎಡಗೈಯೆತ್ತಿ ತಡೆದರು. ಅದನ್ನೇ ಮತ್ತೊಮ್ಮೆ ಅಂದರು. ಆಮೇಲೆ ಮೂರನೆಯ ಸಲ, ನಿಧಾನವಾಗಿ, ತುಂಡು ತುಂಡು ಮಾಡಿ.

ಆಗ ನನಗೆ ಹೊಳೆಯಿತು. ತಿಳಿದುಕೋ ಎಂದು ಆಕೆ ಕೇಳುತ್ತಿರಲಿಲ್ಲ, ಇಟ್ಟುಕೋ ಎನ್ನುತ್ತಿದ್ದರು. ಗುರುಗಳು ನಮಗೆ ವೇದದ ಸಂಥೆ ಹೇಳಿಕೊಟ್ಟದ್ದು ಹೀಗೆಯೇ. ಅವರು ಒಂದು ಸಲ, ನಾವು ಎರಡು ಸಲ. ಅರ್ಥದ ಗೊಡವೆಯಿಲ್ಲ, ಸ್ವರ ತಪ್ಪಬಾರದು. ನಾನು ಪದ್ಮಾಸನ ಹಾಕಿ ನೆಟ್ಟಗೆ ಕುಳಿತು ಆಕೆಯ ಧ್ವನಿಗಳನ್ನು ಹಾಗೆಯೇ ಹೇಳಿದೆ. ಒಂದೆಡೆ ಆಕೆ ತಲೆಯಲ್ಲಾಡಿಸಿದರು. ನಾನು ಹ್ರಸ್ವ ಮಾಡಿದ್ದನ್ನು ಎಳೆದು ತೋರಿಸಿದರು. ತಿದ್ದಿಕೊಂಡು ಮತ್ತೆ ಹೇಳಿದೆ. ಬಾಯಿಯ ಎಡತುದಿ ಸ್ವಲ್ಪ ಮೇಲೆದ್ದಿತು. ಅದು ಒಪ್ಪಿಗೆ.

ಮಧ್ಯಾಹ್ನದೊಳಗೆ ಆಕೆಯ ಉಸಿರು ಬದಲಾಯಿತು. ಮಾಸ್ತರರನ್ನು ಕರೆತರಲು, ಗಿರಣಿಯ ಪಾಳಿ ಮುಗಿಸಿ ಮನೆಗೆ ಬಂದಿದ್ದ ಆಯಿಯ ಮಗನನ್ನು ಸೈಕಲ್ಲಿನ ಮೇಲೆ ಓಡಿಸಿದೆ. ತುಳಸಿಯ ನೀರನ್ನು ನಾನೇ ಬಾಯಿಗೆ ಬಿಟ್ಟೆ.

ಮಾಸ್ತರರು ಬಂದಾಗ ಎಲ್ಲವೂ ಮುಗಿದಿತ್ತು. ಜೀವಮಾನದಲ್ಲಿ ಒಮ್ಮೆಯೂ ಹೊತ್ತಿಗೆ ಮೊದಲು ಎದ್ದವರಲ್ಲ. ಅಂದು ಚೀಲ ಕಟ್ಟದೆ, ಕಚೇರಿಯ ಬಾಗಿಲನ್ನೂ ಎಳೆದುಕೊಳ್ಳದೆ ಬಂದಿದ್ದರು. ಅವರು ಅಳಲಿಲ್ಲ. ಹಾಸಿಗೆಯ ಬಳಿ ಕುಳಿತು ನನ್ನ ಮುಖ ನೋಡಿದರು.

"ಏನರ ಅಂದಳೇನ್ರಿ ಭಟ್ರ?"

ನಾನು ಹೇಳಿದೆ. ಉಸಿರಿನ ನಿಲುಗಡೆ, ಎಳೆದ ಸ್ವರ, ಕೊನೆಯ ಇಳಿತ, ಯಾವುದನ್ನೂ ಬಿಡದೆ.

"ಇನ್ನೊಮ್ಮೆ ಅನ್ರಿ."

ಇನ್ನೊಮ್ಮೆ ಅಂದೆ. ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಅವರ ತುಟಿಗಳು ನನ್ನ ಹಿಂದೆಯೇ ಅಲುಗಾಡಿದವು. ಅವರಿಗೆ ತಿಳಿಯಿತು, ತಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವರು ನನ್ನ ಕಡೆಗಲ್ಲ, ಆಕೆಯ ಕಡೆಗೆ ಬಾಗಿ, ತೀರ ಸಣ್ಣ ಧ್ವನಿಯಲ್ಲಿ, "ಹೂಂ. ಆತು. ಹಂಗ ಮಾಡ್ತೇನಿ," ಎಂದರು.

ಏನೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅನಂತರ ಅವರು ಐದು ವರ್ಷ ಬದುಕಿದರು. ಅವರು ಮಾಡಿದ ಒಂದೊಂದನ್ನೂ ನಾನು ಕದ್ದು ನೋಡುತ್ತಿದ್ದೆ. ಬಾವಿಗೆ ಕಟ್ಟೆ ಕಟ್ಟಿಸಿದಾಗ, ಇದೇ ಇರಬೇಕು ಎಂದುಕೊಂಡೆ. ಆಕೆಯ ತವರಿನ ಹುಡುಗಿಯೊಬ್ಬಳ ಮದುವೆಗೆ ನಿಂತಾಗ, ಇದು ಎಂದುಕೊಂಡೆ. ಒಂದು ವರ್ಷ ಟೊಪ್ಪಿಗೆ ಬಿಟ್ಟರು, ಇದೇ ಏನೋ. ಒಂದು ಮಾಘಮಾಸದಲ್ಲಿ, ನಿವೃತ್ತರಾದ ಕೆಲವೇ ದಿನಗಳಲ್ಲಿ, ಜ್ವರದಿಂದ ಅವರೂ ಹೋದರು. ಅವರ ಉತ್ತರಕ್ರಿಯೆಯನ್ನು ಮಾಡಿಸಿದವನು ನಾನೇ.

ನಾನು ಆ ದಂಪತಿಗಳಿಗೆ ಮಾಡಿದ ಕೇಡಿಗೆ ಪ್ರಾಯಶ್ಚಿತ್ತವನ್ನು ಯಾವ ಗ್ರಂಥದಲ್ಲಿಯೂ ಕಾಣೆ. ವೈನಿ ಒಪ್ಪಿಸಿದ ಆ ಶಬ್ದಗಳು ಮಾತ್ರ ನನ್ನಲ್ಲಿವೆ. ಬರೆಯಲು ಹೋದರೆ ನಮ್ಮ ಅಕ್ಷರಗಳು ಸಾಲುವುದಿಲ್ಲ. ಹೇಳಿದರೆ ತಿಳಿಯುವವರು ಈಗ ಯಾರೂ ಇಲ್ಲ. ಆದರೂ ಪ್ರಾತಃಸಂಧ್ಯೆ ಮುಗಿದ ಮೇಲೆ ದಿನಕ್ಕೊಮ್ಮೆ ಅದನ್ನು ಹೇಳಿಕೊಳ್ಳುತ್ತೇನೆ, ಆಕೆ ತಿದ್ದಿದ ಕಡೆ ಸ್ವರವನ್ನು ಎಳೆದು. ಅರ್ಥ ಗೊತ್ತಿಲ್ಲ.